ಗಾಳಿಗೆ ಹಾರಿದ ಹಂಚಿಗೆ ಲೆಕ್ಕವೆಷ್ಟು?

ಮನೆಗೆ ವಿಮೆ ಮಾಡಿಸಿದವರಲ್ಲಿ ಬಹಳ ಮಂದಿ ಓದದೇ ಬಿಡುವ ಸಾಲೊಂದು ಪಾಲಿಸಿಯಲ್ಲಿರುತ್ತದೆ. ನಷ್ಟವಾದ ದಿನ ಕೈಗೆ ಎಷ್ಟು ಹಣ ಬರುತ್ತದೆ ಎಂಬುದನ್ನು ತೀರ್ಮಾನಿಸುವುದು ಹೆಚ್ಚಾಗಿ ಅದೇ ಸಾಲು. ಕಂಪನಿಯವರು ಅದನ್ನು ‘ಎಕ್ಸೆಸ್’ ಅಥವಾ ‘ಡಿಡಕ್ಟಿಬಲ್’ ಎನ್ನುತ್ತಾರೆ. ಹಾಗೆಂದರೇನು?

ಯುಗಾದಿ ಕಳೆದು ಬಿಸಿಲು ಬಲಿತ ಮೇಲೆ ಚನ್ನರಾಯಪಟ್ಟಣದ ಕಡೆ ಮೊದಲ ಮಳೆ ಸುಮ್ಮನೆ ಬರುವುದಿಲ್ಲ. ಮಧ್ಯಾಹ್ನ ಮೂರರವರೆಗೆ ಎಲೆ ಅಲುಗದ ಧಗೆ. ಆಮೇಲೆ ಒಂದು ಮೂಲೆಯಲ್ಲಿ ಮೋಡ ಕಪ್ಪಾಗುತ್ತದೆ. ಮಳೆಗಿಂತ ಮುಂಚೆ ಗಾಳಿ ನುಗ್ಗುತ್ತದೆ. ತೆಂಗಿನ ಮರಗಳು ಬಾಗುತ್ತವೆ, ಒಣಗಿದ ಗರಿಗಳು ಕಳಚಿ ಅಂಗಳಕ್ಕೆ ಬೀಳುತ್ತವೆ. ಅರ್ಧ ಗಂಟೆಯ ಆರ್ಭಟ ಮುಗಿದ ಮೇಲೆ ಜನ ಹೊರಗೆ ಬಂದು ಮೊದಲು ತಲೆಯೆತ್ತಿ ನೋಡುವುದು ತಮ್ಮ ತಮ್ಮ ಮನೆಯ ಸೂರನ್ನು.

ಇಂಥದೊಂದು ಸಂಜೆಯನ್ನು ಊಹಿಸಿಕೊಳ್ಳಿ. ಊರ ಅಂಚಿನಲ್ಲಿ ಒಂದು ಹಂಚಿನ ಮನೆ. ಮುಂದಿನ ಕೋಣೆಯಲ್ಲಿ ದಿನಸಿ ಅಂಗಡಿ, ಹಿಂದುಗಡೆ ಸಂಸಾರ. ಗಾಳಿ ಎರಡು ಸಾಲು ಹಂಚನ್ನು ಹಾರಿಸಿದೆ, ಒಂದು ತೀರು ಮುರಿದಿದೆ. ಬಡಗಿ, ಹಂಚು, ಆಳಿನ ಕೂಲಿ ಎಲ್ಲ ಸೇರಿ 9,000 ರೂಪಾಯಿ ಖರ್ಚು. ಯಜಮಾನನಿಗೆ ಅಷ್ಟೇನೂ ಚಿಂತೆಯಿಲ್ಲ. ಆರು ವರ್ಷದಿಂದ ಒಂದು ಕಂತೂ ತಪ್ಪಿಸದೆ ವಿಮೆ ಕಟ್ಟಿದ್ದಾನೆ. ಏಜೆಂಟರಿಗೆ ಫೋನ್ ಮಾಡುತ್ತಾನೆ.

‘ಸಾರ್, ಗಾಳಿಗೆ ಹಂಚು ಹೋಯ್ತು. ಒಂಬತ್ತು ಸಾವಿರ ಆಗುತ್ತೆ ಅಂತಾರೆ. ಯಾವತ್ತು ಬರ್ತೀರಿ ನೋಡೋಕೆ?’

‘ಬರೋಕೇನು ಯಜಮಾನ್ರೇ, ಬರಬಹುದು. ಆದ್ರೆ ನಿಮ್ಮ ಪಾಲಿಸೀಲಿ ಹತ್ತು ಸಾವಿರ ಎಕ್ಸೆಸ್ ಇದೆ. ಅದರೊಳಗಿನ ನಷ್ಟ ನಿಮ್ಮದೇ.’

‘ಹಂಗಾದ್ರೆ ಆರು ವರ್ಷ ಕಟ್ಟಿದ್ದು?’

ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು ಎಂದು ಯಜಮಾನ ಅಂದುಕೊಂಡರೆ ತಪ್ಪು ಹೇಳುವಂತಿಲ್ಲ. ಆದರೆ ಏಜೆಂಟ್ ಹೇಳಿದ್ದು ಸುಳ್ಳಲ್ಲ. ಕಂಪನಿ ಮಾಡಿದ್ದು ಮೋಸವೂ ಅಲ್ಲ. ಆ ಸಾಲು ಮೊದಲ ದಿನದಿಂದಲೂ ಪಾಲಿಸಿಯಲ್ಲಿತ್ತು, ಓದಿದವರು ಮಾತ್ರ ಇರಲಿಲ್ಲ. ಹಾಗೆ ಓದಿದ್ದರೆ ಈ ಮನೆಯ ಲೆಕ್ಕವೇ ಬೇರೆಯಾಗುತ್ತಿತ್ತು. ಹೇಗೆ ಎಂಬುದನ್ನು ನೋಡುವ ಮುನ್ನ ಆ ಪದವನ್ನೇ ತಿಳಿಯಬೇಕು.

ನಿಮ್ಮ ಪಾಲು, ಕಂಪನಿಯ ಪಾಲು

ಎಕ್ಸೆಸ್ ಎಂಬುದು ನಷ್ಟದಲ್ಲಿ ವಿಮೆ ಮಾಡಿಸಿದವನು ತಾನೇ ಹೊರಬೇಕಾದ ಮೊದಲ ಪಾಲು. ನಷ್ಟ 9,000, ಎಕ್ಸೆಸ್ 10,000 ಎಂದಾದರೆ ಕಂಪನಿಯಿಂದ ಬರುವುದು ಸೊನ್ನೆ. ನಷ್ಟ 40,000 ಆಗಿದ್ದರೆ ಮೊದಲ 10,000 ನಿಮ್ಮದು, ಉಳಿದ 30,000 ಕಂಪನಿಯದು. ಇಡೀ ಮನೆಯೇ ಸುಟ್ಟು 8 ಲಕ್ಷ ನಷ್ಟವಾದರೂ ಅದೇ 10,000 ಕಳೆದು ಉಳಿದದ್ದು ಬರುತ್ತದೆ. ನಷ್ಟ ಸಣ್ಣದಿದ್ದಾಗ ಈ ಕಡಿತ ಎಲ್ಲವನ್ನೂ ನುಂಗುತ್ತದೆ. ನಷ್ಟ ದೊಡ್ಡದಾದಾಗ ಅದು ಲೆಕ್ಕಕ್ಕೇ ಬರುವುದಿಲ್ಲ.

ಇದು ನಮಗೆ ಹೊಸದೇನೂ ಅಲ್ಲ. ಸ್ಕೂಟರ್ ಅಥವಾ ಕಾರಿನ ಸಮಗ್ರ ವಿಮೆ ಮಾಡಿಸಿದವರು ಗ್ಯಾರೇಜಿನ ಬಿಲ್ಲಿನಲ್ಲಿ ‘ಕಡ್ಡಾಯ ಕಡಿತ’ ಎಂಬ ಸಾಲನ್ನು ನೋಡಿರುತ್ತಾರೆ. 1,500 ಸಿ.ಸಿ.ವರೆಗಿನ ಕಾರಿಗೆ 1,000 ರೂಪಾಯಿ, ಅದಕ್ಕೂ ದೊಡ್ಡ ಕಾರಿಗೆ 2,000 ರೂಪಾಯಿ ಎಂಬುದು ಮೋಟಾರು ವಿಮೆಯಲ್ಲಿ ರೂಢಿಗೆ ಬಂದ ಲೆಕ್ಕ. ಬಂಪರು ತರಚಿದಾಗ ಯಾರೂ ಕ್ಲೇಮಿಗೆ ಓಡುವುದಿಲ್ಲ. ಕಾರು ಲಾರಿಗೆ ಗುದ್ದಿದಾಗ ಓಡುತ್ತಾರೆ. ಮನೆಯ ವಿಮೆಯಲ್ಲೂ ಇದೇ ನ್ಯಾಯ.

ಕಂಪನಿಗಳು ಹೀಗೇಕೆ ಮಾಡುತ್ತವೆ? ಹಾಸನದಿಂದ ಸರ್ವೇಯರ್ ಒಬ್ಬರು ಹೊರಟು, ಹಳ್ಳಿ ತಲುಪಿ, ಸೂರು ನೋಡಿ, ಫೋಟೊ ತೆಗೆದು, ವರದಿ ಬರೆದು, ಆ ವರದಿ ಕಚೇರಿಯ ನಾಲ್ಕು ಮೇಜು ದಾಟುವ ಹೊತ್ತಿಗೆ ಆಗುವ ಖರ್ಚು ಕೆಲವೊಮ್ಮೆ ಹಂಚಿನ ಬೆಲೆಯನ್ನೇ ಮೀರುತ್ತದೆ. ಆ ಖರ್ಚನ್ನು ಕಂಪನಿ ಕೈಯಿಂದ ಹಾಕುವುದಿಲ್ಲ, ಎಲ್ಲರ ಪ್ರೀಮಿಯಂಗೆ ಸೇರಿಸುತ್ತದೆ. ಸಣ್ಣ ನಷ್ಟ ಅವರವರಿಗೇ ಇರಲಿ ಎಂದರೆ ಎಲ್ಲರಿಗೂ ಕಂತು ಇಳಿಯುತ್ತದೆ. ಇನ್ನೊಂದು ಕಾರಣ ಎಚ್ಚರಿಕೆಯದು. ತನ್ನ ಜೇಬಿನಿಂದಲೂ ಸ್ವಲ್ಪ ಹೋಗುತ್ತದೆ ಎಂದು ಗೊತ್ತಿದ್ದವನು ಮಳೆಗಾಲಕ್ಕೆ ಮೊದಲೇ ಹಂಚು ತಿರುವಿ ಹಾಕಿಸುತ್ತಾನೆ, ಸೂರಿನ ಮೇಲೆ ಬಾಗಿದ ಕೊಂಬೆಯನ್ನು ಕಡಿಸುತ್ತಾನೆ.

ಮನೆಯೋ? ಅಂಗಡಿಯೋ?

ಈಗ ಚನ್ನರಾಯಪಟ್ಟಣದ ಆ ಮನೆಗೆ ಮರಳೋಣ. ಯಜಮಾನ ಮಾಡಿಸಿದ್ದ ಪಾಲಿಸಿ ಒಂದೇ. ಅಂಗಡಿಯ ಹೆಸರಿನಲ್ಲಿ, ಇಡೀ ಕಟ್ಟಡಕ್ಕೆ. ಎಡವಟ್ಟಾದದ್ದು ಅಲ್ಲೇ.

ನಮ್ಮ ದೇಶದಲ್ಲಿ ಬಹುಕಾಲ ಚಾಲ್ತಿಯಲ್ಲಿದ್ದ ಬೆಂಕಿ ವಿಮೆಯ ಸಾಮಾನ್ಯ ಪಾಲಿಸಿಯ ಒಕ್ಕಣೆಯನ್ನು ಗಮನಿಸಬೇಕು. ಸಿಡಿಲು, ಬಿರುಗಾಳಿ, ಪ್ರವಾಹ, ಭೂಕುಸಿತದಂಥ ದೈವಿಕ ಅನಾಹುತಗಳಲ್ಲಿ ಪ್ರತಿ ಕ್ಲೇಮಿನ ಶೇ. 5ರಷ್ಟು, ಕನಿಷ್ಠ 10,000 ರೂಪಾಯಿ, ವಿಮೆದಾರನ ಪಾಲು. ಇತರ ಅಪಾಯಗಳಲ್ಲಿ ಮೊದಲ 10,000 ರೂಪಾಯಿ ಅವನದು. 10 ಕೋಟಿ ರೂಪಾಯಿವರೆಗಿನ ವಿಮಾ ಮೊತ್ತಕ್ಕೆ ಇದ್ದ ಲೆಕ್ಕ ಇದು. ಆದರೆ ಆ ಕಲಮಿನ ತಲೆಯಲ್ಲೇ ಇನ್ನೊಂದು ಮಾತಿತ್ತು: ವಾಸದ ಮನೆಗಳ ಪಾಲಿಸಿಗೆ ಇದು ಅನ್ವಯಿಸುವುದಿಲ್ಲ!

ಎಂದರೆ ಕಡಿತ ಅಂಗಡಿಗೆ, ಗೋದಾಮಿಗೆ, ಕಾರ್ಖಾನೆಗೆ ಇತ್ತು. ವಾಸದ ಮನೆಗೆ ಇರಲಿಲ್ಲ. ಮುಂದಿನ ಕೋಣೆಯ ಅಂಗಡಿಗೆ ಒಂದು, ಹಿಂದಿನ ವಾಸದ ಭಾಗಕ್ಕೆ ಇನ್ನೊಂದು ಎಂದು ಪ್ರತ್ಯೇಕ ಪಾಲಿಸಿ ಮಾಡಿಸಿ, ವಿಷಯವನ್ನು ಅರ್ಜಿಯಲ್ಲಿ ಸರಿಯಾಗಿ ಬರೆದಿದ್ದರೆ, ಹಿಂಭಾಗದ ಹಂಚಿನ ಖರ್ಚನ್ನು ಕೇಳುವ ಹಕ್ಕು ಇಂಥ ಯಜಮಾನನಿಗೆ ಇರುತ್ತಿತ್ತು.

2021ರ ಏಪ್ರಿಲ್ 1ರಿಂದ ವಾಸದ ಮನೆಗಳಿಗೆಂದೇ ‘ಭಾರತ್ ಗೃಹ ರಕ್ಷಾ’ ಎಂಬ ಏಕರೂಪದ ಪಾಲಿಸಿ ಜಾರಿಗೆ ಬಂತು. ಬೆಂಕಿ ವಿಮೆ ಮಾರುವ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಇದನ್ನು ಕೊಡಲೇಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ ವಿಧಿಸಿತು. ಸಣ್ಣ ವ್ಯಾಪಾರಿಗಳಿಗೆ ಅದೇ ದಿನದಿಂದ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಎಂಬ ಬೇರೆ ಪಾಲಿಸಿ ಬಂತು. ಹೀಗೆ ಮನೆ ಬೇರೆ, ಅಂಗಡಿ ಬೇರೆ ಎಂಬ ಗೆರೆ ಮತ್ತಷ್ಟು ಸ್ಪಷ್ಟವಾಗಿದೆ. ನಿಮ್ಮ ಪಾಲಿಸಿಯಲ್ಲಿ ಯಾವ ಭಾಗಕ್ಕೆ ಎಷ್ಟು ಕಡಿತ ಎಂಬುದಕ್ಕೆ ಅದರ ಜೊತೆ ಬರುವ ‘ಶೆಡ್ಯೂಲ್’ ಎಂಬ ಹಾಳೆಯೇ ಕೊನೆಯ ಮಾತು. ಮೂಲ ಪಾಲಿಸಿಗೆ ಹೆಚ್ಚುವರಿಯಾಗಿ ಸೇರಿಸಿಕೊಂಡ ರಕ್ಷಣೆಗಳಿಗೆ, ಅಂದರೆ ಕಳ್ಳತನ, ಒಡವೆ, ಟಿ.ವಿ., ಫ್ರಿಜ್ಜು ಕೆಡುವುದು ಮುಂತಾದವಕ್ಕೆ, ಬೇರೆಯದೇ ಕಡಿತ ಇರಬಹುದು.

ಈ ಭಾಗದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಚನ್ನರಾಯಪಟ್ಟಣ, ತಿಪಟೂರು ಕಡೆಯ ಅನೇಕ ಮನೆಗಳಲ್ಲಿ ಅಟ್ಟವೇ ಕಣಜ. ಉಂಡೆ ಕೊಬ್ಬರಿ ಆಗಬೇಕಾದರೆ ತೆಂಗಿನಕಾಯಿ ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಒಣಗಬೇಕು. ಮನೆಯ ವರ್ಷದ ಆದಾಯವೆಲ್ಲ ಮಲಗುವವರ ತಲೆಯ ಮೇಲೇ ಇರುತ್ತದೆ. ಬೆಂಕಿ ಬಿದ್ದರೆ ಮನೆಗಿಂತ ಕೊಬ್ಬರಿಯ ನಷ್ಟವೇ ದೊಡ್ಡದು. ಆದರೆ ಗೃಹ ವಿಮೆಯಲ್ಲಿ ‘ಮನೆಯ ಸಾಮಾನು’ ಎಂದರೆ ಮಂಚ, ಬೀರು, ಪಾತ್ರೆ, ಟಿ.ವಿ. ಇತ್ಯಾದಿ. ಮಾರಾಟಕ್ಕಿಟ್ಟ ಕೊಬ್ಬರಿ ವ್ಯಾಪಾರದ ಸರಕು. ಅದಕ್ಕೆ ಬೇರೆ ವಿಮೆ ಬೇಕು, ಆ ವಿಮೆಯಲ್ಲಿ ಕಡಿತವಿದೆಯೇ, ಎಷ್ಟು ಎಂದು ಆಗಲೇ ಕೇಳಿಕೊಳ್ಳಬೇಕು.

ಕಡಿತ ಬೇರೆ, ಹೊರತು ಬೇರೆ

ಅರಕಲಗೂಡು ತಾಲ್ಲೂಕಿಗೆ ಬಂದರೆ ಚಿತ್ರ ಬದಲಾಗುತ್ತದೆ. ಇಲ್ಲಿ ಹೊಗೆಸೊಪ್ಪಿನ ಕಾಲ ಬಂತೆಂದರೆ ಹಳ್ಳಿ ಹಳ್ಳಿಯಲ್ಲೂ ಬ್ಯಾರನ್‌ಗಳ ಹೊಗೆ. ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಯಿದೆ. ಬ್ಯಾರನ್ನಿನೊಳಗೆ ಸೊಪ್ಪನ್ನು ಕಡ್ಡಿಗೆ ಕಟ್ಟಿ ತೂಗುಹಾಕಿ, ಕೆಳಗೆ ತಗಡಿನ ಕೊಳವೆಗಳಲ್ಲಿ ಸೌದೆಯ ಬಿಸಿ ಹಾಯಿಸಿ ಹದ ಮಾಡುತ್ತಾರೆ. ಒಂದು ಒಣ ಎಲೆ ಕಳಚಿ ಕಾದ ಕೊಳವೆಯ ಮೇಲೆ ಬಿದ್ದರೆ ಸಾಕು, ಇಡೀ ಬ್ಯಾರನ್ ಹೊತ್ತಿಕೊಳ್ಳಬಹುದು. ಪಕ್ಕದಲ್ಲೇ ಮನೆಯಿದ್ದರೆ ಅದಕ್ಕೂ ಅಪಾಯ.

ಇಲ್ಲಿ ರೈತ ತಿಳಿಯಬೇಕಾದ್ದು ಎರಡು ಬೇರೆ ಬೇರೆ ಮಾತುಗಳನ್ನು. ಒಂದು ಕಡಿತ, ಇನ್ನೊಂದು ‘ಹೊರತು’. ಕಡಿತವೆಂದರೆ ನಷ್ಟಕ್ಕೆ ವಿಮೆ ಉಂಟು, ಅದರಲ್ಲಿ ಇಷ್ಟು ನಿಮ್ಮ ಪಾಲು. ಹೊರತು ಎಂದರೆ ಆ ನಷ್ಟಕ್ಕೆ ವಿಮೆಯೇ ಇಲ್ಲ, ಒಂದು ಲಕ್ಷವಾದರೂ ಅಷ್ಟೆ, ಹತ್ತು ಲಕ್ಷವಾದರೂ ಅಷ್ಟೆ. ಮೇಲೆ ಹೇಳಿದ ಸಾಮಾನ್ಯ ಬೆಂಕಿ ಪಾಲಿಸಿಯ ಒಕ್ಕಣೆಯಲ್ಲಿ, ಕಾಯಿಸುವ ಇಲ್ಲವೇ ಒಣಗಿಸುವ ಕ್ರಿಯೆಗೆ ಒಳಪಟ್ಟದ್ದರಿಂದಲೇ ವಸ್ತುವಿಗೆ ಆಗುವ ನಷ್ಟವನ್ನು ಹೊರತುಪಡಿಸಲಾಗಿತ್ತು. ತಾನಾಗಿ ಕಾವೇರಿ ಹೊತ್ತಿಕೊಳ್ಳುವ ಸರಕಿನದೂ ಅದೇ ಗತಿ. ಬ್ಯಾರನ್ನಿನೊಳಗೆ ಹದವಾಗುತ್ತಿರುವ ಸೊಪ್ಪು ಕಾವಿನಿಂದಲೇ ಸುಟ್ಟರೆ ಪ್ರಶ್ನೆ ಏಳುವುದು ಇಲ್ಲಿಯೇ. ಬ್ಯಾರನ್ನಿಗೆ ವಿಮೆ ಮಾಡಿಸುವವರು ಕಟ್ಟಡಕ್ಕೆಷ್ಟು, ಒಳಗಿನ ಸೊಪ್ಪಿಗೆ ರಕ್ಷಣೆ ಉಂಟೇ, ಪಕ್ಕದ ಮನೆಗೆ ಬೇರೆ ಪಾಲಿಸಿ ಬೇಕೇ ಎಂಬ ಮೂರನ್ನೂ ಬರಹದಲ್ಲಿ ಕೇಳಿಕೊಳ್ಳಬೇಕು.

ಮಳೆಗೆ ಕುಸಿಯುವ ಗೋಡೆಯದೂ ಇಂಥದೇ ಕಥೆ. ಮಣ್ಣಿನ ಗೋಡೆ ವರ್ಷಗಟ್ಟಲೆ ತೇವ ಕುಡಿದು, ಸುಣ್ಣ ಉದುರಿ, ಒಂದು ದಿನ ವಾಲಿದರೆ ಅದು ಸವೆತ. ವಿಮೆ ಇರುವುದು ಹಠಾತ್ತನೆ ಬರುವ ಅನಾಹುತಕ್ಕೆ. ಹೊಸ ಮನೆಯ ತಳಪಾಯ ಮಾಮೂಲಿಯಾಗಿ ಕೂತು ಬರುವ ಬಿರುಕು, ಕೆಟ್ಟ ಕೆಲಸದಿಂದ ಬಂದ ಬಿರುಕು ಕೂಡ ಹೊರತುಗಳ ಪಟ್ಟಿಯಲ್ಲೇ ಇವೆ.

ಹೊಳೆಯ ದಂಡೆಯ ಊರುಗಳಿಗೆ ಪ್ರವಾಹದ ಭಯ ಬೇರೆ. 2018ರ ಆಗಸ್ಟಿನಲ್ಲಿ ಕೊಡಗಿನ ಮಹಾಮಳೆಗೆ ಕಾವೇರಿ ಉಕ್ಕಿದಾಗ ಕೆಳಗಿನ ರಾಮನಾಥಪುರದ ಕಡೆಯೂ ಜನ ನೀರಿನ ಮಟ್ಟ ನೋಡುತ್ತಾ ರಾತ್ರಿ ಕಳೆದರು. ಅಂಥ ಹೊತ್ತಿನಲ್ಲಿ ಬಹಳ ಮಂದಿ ನೆಚ್ಚುವುದು ಸರ್ಕಾರದ ಪರಿಹಾರವನ್ನು. ವಿಪತ್ತು ಪರಿಹಾರ ನಿಧಿಗೆ ಕೇಂದ್ರ 2022ರಿಂದ 2026ರ ಅವಧಿಗೆ ಗೊತ್ತುಮಾಡಿದ ಮಾನದಂಡದಂತೆ ಬಯಲು ಪ್ರದೇಶದಲ್ಲಿ ಪೂರ್ತಿ ಹಾಳಾದ ಮನೆಗೆ 1.20 ಲಕ್ಷ ರೂಪಾಯಿ. ಭಾಗಶಃ ಹಾನಿಯಾದ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000 ರೂಪಾಯಿ. ಅದೂ ಹಾನಿ ಕನಿಷ್ಠ ಶೇ. 15ರಷ್ಟು ಇದ್ದರೆ ಮಾತ್ರ. ಕೆಲವು ವರ್ಷ ರಾಜ್ಯ ಸರ್ಕಾರ ತನ್ನ ಕೈಯಿಂದ ಹೆಚ್ಚು ಸೇರಿಸಿ ಕೊಟ್ಟದ್ದೂ ಉಂಟು. 2019ರ ನೆರೆಯಲ್ಲಿ ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಘೋಷಿಸಿತ್ತು. ಆದರೆ ಅದು ಆ ವರ್ಷದ ಸರ್ಕಾರದ ತೀರ್ಮಾನ. ಪ್ರತಿ ವರ್ಷದ ಹಕ್ಕಲ್ಲ.

ಗಮನಿಸಿ, ಶೇ. 15 ಎಂಬ ಆ ಹೊಸ್ತಿಲು ಕೂಡ ಒಂದು ಬಗೆಯ ಕಡಿತವೇ. ಸಣ್ಣ ನಷ್ಟವನ್ನು ಮನೆಯವರೇ ಹೊರಲಿ ಎಂದು ಸರ್ಕಾರವೂ ಹೇಳುತ್ತಿದೆ!

ಶೇಕಡಾ ಐದು, ಯಾವುದರ ಐದು?

2022ರ ಜೂನ್ 23ರ ಬೆಳಗಿನ ಜಾವ ಹೊಳೆನರಸೀಪುರ ತಾಲ್ಲೂಕಿನ ಮಳುಗನಹಳ್ಳಿಯ ಬಳಿ ಭೂಮಿ ನಡುಗಿತು. ತೀವ್ರತೆ ರಿಕ್ಟರ್ ಮಾಪಕದಲ್ಲಿ 3.4. ಅರಕಲಗೂಡಿನ ಕಡೆಯಲ್ಲೂ, ಪಕ್ಕದ ಕೊಡಗಿನಲ್ಲೂ ಜನ ನಿದ್ದೆಯಿಂದೆದ್ದು ಹೊರಗೆ ಬಂದರು. ದೇಶದ ಭೂಕಂಪ ನಕ್ಷೆಯಲ್ಲಿ ಈ ಸೀಮೆ ಅಪಾಯ ಕಡಿಮೆ ಇರುವ ಸಾಲಿಗೆ ಸೇರಿದ್ದು. ಆದರೂ ಅಂದು ಮನೆ ಮನೆಯಲ್ಲಿ ಜನ ಗೋಡೆಯ ಬಿರುಕುಗಳನ್ನು ಹುಡುಕಿ ನೋಡಿದ್ದು ಸಹಜ.

ಅಂಥ ನಡುಕದಲ್ಲಿ ಒಂದು ಮನೆಗೆ ಪೆಟ್ಟಾಯಿತು ಎಂದಿಟ್ಟುಕೊಳ್ಳಿ. ಮನೆಯ ವಿಮಾ ಮೊತ್ತ 20 ಲಕ್ಷ ರೂಪಾಯಿ. ಬಿರುಕು ಮುಚ್ಚಿಸಿ, ಮೂಲೆಯ ಗೋಡೆ ಕಟ್ಟಿಸಲು 60,000 ಖರ್ಚು. ಪಾಲಿಸಿಯಲ್ಲಿ ‘ಶೇ. 5 ಕಡಿತ’ ಎಂದಿದೆ. ಕೈಗೆ ಬರುವುದೆಷ್ಟು?

ಉತ್ತರ ಒಂದಲ್ಲ. ಶೇ. 5 ಎಂಬುದು ಕ್ಲೇಮಿನ ಮೇಲಾದರೆ ಅದು 3,000 ರೂಪಾಯಿ. ಕನಿಷ್ಠ 10,000 ಎಂಬ ಷರತ್ತೂ ಇದ್ದರೆ 10,000 ಕಳೆದು 50,000 ಸಿಗುತ್ತದೆ. ಆದರೆ ಅದೇ ಶೇ. 5 ವಿಮಾ ಮೊತ್ತದ ಮೇಲಾದರೆ? 20 ಲಕ್ಷದ ಶೇ. 5 ಎಂದರೆ 1 ಲಕ್ಷ. ನಷ್ಟವೇ 60,000. ಬರುವುದು ಒಂದು ಕಾಸೂ ಇಲ್ಲ! ಅಂಕಿ ಒಂದೇ, ಅದರ ಮುಂದಿನ ಪದ ಬೇರೆ.

‘ಕನಿಷ್ಠ’ ಎಂಬ ಪದವನ್ನೂ ಹಗುರವಾಗಿ ಕಾಣಬಾರದು. ಶೇ. 5 ಅಥವಾ 10,000, ಇವೆರಡರಲ್ಲಿ ಯಾವುದು ಹೆಚ್ಚೋ ಅದು ಎಂದು ಇದರ ಅರ್ಥ. 10,000 ರೂಪಾಯಿ ಎಂಬುದು 2 ಲಕ್ಷದ ಶೇ. 5. ಆದ್ದರಿಂದ ಕ್ಲೇಮು 2 ಲಕ್ಷಕ್ಕಿಂತ ಕಡಿಮೆ ಇರುವವರೆಗೂ ಶೇಕಡಾ ಲೆಕ್ಕ ಬರಿಯ ಹೆಸರಿಗೆ, ಹೋಗುವುದು ಪೂರ್ತಿ 10,000.

ಇನ್ನೊಂದು ಷರತ್ತು ‘ಪ್ರತಿ ಘಟನೆಗೆ’ ಎಂಬುದು. ಏಪ್ರಿಲಿನ ಗಾಳಿಗೆ ಒಂದು ಸಲ, ಜುಲೈನ ಮಳೆಗೆ ಇನ್ನೊಂದು ಸಲ ನಷ್ಟವಾದರೆ ಎರಡು ಕ್ಲೇಮು, ಎರಡು ಕಡಿತ. ಎರಡನ್ನೂ ಕೂಡಿಸಿ ಒಂದೇ ಕಡಿತ ಎನ್ನುವಂತಿಲ್ಲ.

ಹಾಸನ ಜಿಲ್ಲೆಯ ಎಷ್ಟೋ ಮನೆಗಳ ಮಕ್ಕಳು ಈಗ ಅಮೆರಿಕದಲ್ಲಿದ್ದಾರೆ. ಅಲ್ಲಿ ಸ್ವಂತ ಮನೆ ಕೊಂಡವರಿಗೆ ಈ ಶೇಕಡಾ ಲೆಕ್ಕದ ಬಿಸಿ ಚೆನ್ನಾಗಿ ಗೊತ್ತು. ಅಲ್ಲಿ ಮಾಮೂಲಿ ನಷ್ಟಕ್ಕೆ ಡಾಲರಿನಲ್ಲಿ ಗೊತ್ತಾದ ಕಡಿತವಿದ್ದರೆ, ಫ್ಲಾರಿಡಾದಂಥ ಕಡಲತೀರದ ರಾಜ್ಯಗಳಲ್ಲಿ ಚಂಡಮಾರುತಕ್ಕೆ ಪ್ರತ್ಯೇಕ ಕಡಿತವಿರುತ್ತದೆ, ಅದೂ ಮನೆಯ ವಿಮಾ ಮೊತ್ತದ ಮೇಲೆ. 3 ಲಕ್ಷ ಡಾಲರಿನ ಮನೆಗೆ ಶೇ. 2 ಎಂದರೂ 6,000 ಡಾಲರ್ ಮನೆಯವರದೇ ಪಾಲು. ಕ್ಯಾಲಿಫೋರ್ನಿಯಾದ ಭೂಕಂಪ ವಿಮೆಯಲ್ಲಿ ಈ ಕಡಿತ ಶೇ. 5ರಿಂದ ಶೇ. 25ರವರೆಗೂ ಇದೆ. ಊರಿನ ಅಪ್ಪ ಅಮ್ಮನ ಮನೆಗೆ ಅಲ್ಲಿಂದಲೇ ವಿಮೆ ಮಾಡಿಸಲು ಹೊರಡುವ ಮಗ ಇಲ್ಲಿಯ ಪಾಲಿಸಿಯೂ ಹಾಗೇ ಎಂದುಕೊಳ್ಳಬಾರದು. ಇಲ್ಲಿಯ ಅಪ್ಪ ‘ಮಗ ನೋಡಿರ್ತಾನೆ ಬಿಡು’ ಎಂದು ಸುಮ್ಮನಿರಲೂಬಾರದು.

ಬ್ಯಾಂಕಿನ ಕಡತದೊಳಗಿನ ಪಾಲಿಸಿ

ಹಾಸನ ನಗರದ ಹೊಸ ಬಡಾವಣೆಗಳಲ್ಲಿ ಕತೆ ಇನ್ನೊಂದು ಬಗೆಯದು. ಇಲ್ಲಿ ಮನೆಗೆ ವಿಮೆ ಇರುವುದು ಬಹುಪಾಲು ಬ್ಯಾಂಕಿನ ಸಾಲದಿಂದ. ಸಾಲ ಮಂಜೂರಾದ ದಿನ ಹಾಕಿದ ಹತ್ತಿಪ್ಪತ್ತು ಸಹಿಗಳಲ್ಲಿ ವಿಮೆಯದೂ ಒಂದು. ಕಂತು ಖಾತೆಯಿಂದ ಕಳೆಯುತ್ತದೆ, ಪಾಲಿಸಿ ಬ್ಯಾಂಕಿನ ಕಡತದಲ್ಲಿ ಮಲಗುತ್ತದೆ. ತನ್ನ ಮನೆಗೆ ಎಷ್ಟು ಮೊತ್ತದ ವಿಮೆ ಇದೆ, ಎಷ್ಟು ಕಡಿತ ಎಂದು ಕೇಳಿದರೆ ಮನೆಯೊಡೆಯ ಮುಖ ಮುಖ ನೋಡುತ್ತಾನೆ.

ಬ್ಯಾಂಕಿನಿಂದ ಪಾಲಿಸಿಯ ಪ್ರತಿ ಕೇಳಿ ಪಡೆಯುವುದು ಮೊದಲ ಕೆಲಸ. ಅದರಲ್ಲಿ ಬ್ಯಾಂಕಿನ ಹೆಸರೂ ಸೇರಿರುವುದರಿಂದ ದೊಡ್ಡ ನಷ್ಟದ ಹಣ ಮೊದಲು ಸಾಲದ ಲೆಕ್ಕಕ್ಕೆ ಹೋಗಬಹುದು ಎಂಬುದೂ ತಿಳಿದಿರಲಿ. ಎರಡನೆಯದು, ವಿಮಾ ಮೊತ್ತ ಸಾಲದ ಮಟ್ಟಕ್ಕಷ್ಟೇ ಇದೆಯೋ, ಮನೆ ಮತ್ತೆ ಕಟ್ಟಲು ಬೇಕಾಗುವಷ್ಟಿದೆಯೋ ನೋಡಬೇಕು. ನಿವೇಶನದ ಬೆಲೆ ಈ ಲೆಕ್ಕಕ್ಕೆ ಬರುವುದಿಲ್ಲ. ನೆಲ ಸುಡುವುದಿಲ್ಲವಲ್ಲ! ಸಾವಿರ ಚದರಡಿಯ ಮನೆಗೆ ಚದರಡಿಗೆ 2,000 ರೂಪಾಯಿ ಕಟ್ಟುವ ಖರ್ಚಾದರೆ ವಿಮೆ ಬೇಕಾದದ್ದು 20 ಲಕ್ಷಕ್ಕೆ, ಮಾರುಕಟ್ಟೆಯಲ್ಲಿ ಆ ಮನೆ, ನಿವೇಶನ ಸೇರಿ 60 ಲಕ್ಷ ಬಾಳಿದರೂ ಸರಿಯೆ. ಗೃಹ ರಕ್ಷಾ ಪಾಲಿಸಿಯಲ್ಲಿ ಕಟ್ಟಡಕ್ಕೆ ಮಾಡಿಸಿದ ಮೊತ್ತದ ಶೇ. 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ, ಮನೆಯ ಸಾಮಾನಿಗೆ ತಾನಾಗಿಯೇ ರಕ್ಷಣೆ ಸಿಗುತ್ತದೆ.

ಈ ಮೊತ್ತದ ಮಾತು ಕಡಿತಕ್ಕೂ ಸಂಬಂಧಿಸಿದ್ದು. ಅಂಗಡಿ, ಗೋದಾಮುಗಳ ಹಳೆಯ ಮಾದರಿಯ ಪಾಲಿಸಿಯಲ್ಲಿ ‘ಸರಾಸರಿ’ ಎಂಬ ಷರತ್ತಿದೆ. 20 ಲಕ್ಷದ ಆಸ್ತಿಗೆ 10 ಲಕ್ಷಕ್ಕೆ ಮಾತ್ರ ವಿಮೆ ಮಾಡಿಸಿದವನು ಅರ್ಧ ವಿಮೆಯನ್ನು ತಾನೇ ಇಟ್ಟುಕೊಂಡಂತೆ. ಅವನಿಗೆ 2 ಲಕ್ಷ ನಷ್ಟವಾದರೆ ಮೊದಲು ಅದು ಅರ್ಧವಾಗಿ 1 ಲಕ್ಷವಾಗುತ್ತದೆ. ಅದರಿಂದ ಎಕ್ಸೆಸ್ 10,000 ಕಳೆದು ಕೈಗೆ ಬರುವುದು 90,000. ಇಲ್ಲಿ ಜೇಬಿಗೆ ಬಿದ್ದ ದೊಡ್ಡ ಪೆಟ್ಟು ಎಕ್ಸೆಸ್‌ನದಲ್ಲ, ಕಂತು ಉಳಿಸಲು ಹೋಗಿ ಮೊತ್ತ ಇಳಿಸಿದ್ದರದು. ಗೃಹ ರಕ್ಷಾದಲ್ಲಿ ಈ ಸರಾಸರಿಯ ಕತ್ತರಿ ಇಲ್ಲ. ಮೊತ್ತ ಕಡಿಮೆಯಿದ್ದರೂ ಆ ಮೊತ್ತದ ಮಿತಿಯೊಳಗೆ ನಷ್ಟ ಪೂರ್ತಿ ಸಿಗುತ್ತದೆ.

ಕಂತು ಇಳಿಸಲು ಇನ್ನೊಂದು ದಾರಿಯೆಂದು ಕೆಲವರು ಹೇಳುವುದು ‘ಸ್ವಯಂ ಕಡಿತ’. ಹೆಚ್ಚಿನ ಪಾಲು ನಾನೇ ಹೊರುತ್ತೇನೆ, ಕಂತು ಕಡಿಮೆ ಮಾಡಿ ಎಂಬ ಒಪ್ಪಂದ. ಕೇಳಲು ಚೆನ್ನ. ಲೆಕ್ಕ ಹಾಕಿ ನೋಡಬೇಕು. ವರ್ಷದ ಕಂತು 1,500 ರೂಪಾಯಿ, 20,000 ರೂಪಾಯಿಯ ಸ್ವಯಂ ಕಡಿತಕ್ಕೆ ಶೇ. 20 ರಿಯಾಯಿತಿ ಎಂದಿಟ್ಟುಕೊಳ್ಳಿ. ಉಳಿಯುವುದು ವರ್ಷಕ್ಕೆ 300. ಒಂದೇ ಒಂದು ಕ್ಲೇಮಿನಲ್ಲಿ ಹೋಗುವ 20,000 ರೂಪಾಯಿ ಹಾಗೆ ಉಳಿಸಲು 66 ವರ್ಷಕ್ಕೂ ಹೆಚ್ಚು ಬೇಕು! ಅಮೆರಿಕದಲ್ಲಿ ಮನೆಯ ಕಂತು ಸಾವಿರಾರು ಡಾಲರ್ ಇರುವುದರಿಂದ ಅಲ್ಲಿ ಈ ಉಪಾಯಕ್ಕೆ ಅರ್ಥವಿದೆ. ಮನೆ ವಿಮೆಯ ಕಂತು ಕಡಿಮೆಯೇ ಇರುವ ನಮ್ಮಲ್ಲಿ ಒಪ್ಪುವ ಮೊದಲು ಇಂಥ ಒಂದು ಭಾಗಾಕಾರ ಮಾಡಿ ನೋಡುವುದು ಕ್ಷೇಮ.

ಸಹಿಗೆ ಮೊದಲು ಕೇಳಬೇಕಾದ್ದು

ಏಜೆಂಟರ ಮುಂದೆ, ಬ್ಯಾಂಕ್ ಮ್ಯಾನೇಜರ ಮುಂದೆ ಐದು ಪ್ರಶ್ನೆ ಕೇಳಲು ಸಂಕೋಚ ಬೇಡ. ಈ ಪಾಲಿಸಿಯಲ್ಲಿ ಎಕ್ಸೆಸ್ ಇದೆಯೇ? ಇದ್ದರೆ ರೂಪಾಯಿಯಲ್ಲೋ, ಶೇಕಡಾದಲ್ಲೋ? ಶೇಕಡಾ ಎಂದರೆ ಕ್ಲೇಮಿನ ಮೇಲೋ, ವಿಮಾ ಮೊತ್ತದ ಮೇಲೋ? ಗಾಳಿ, ನೆರೆ, ಭೂಕಂಪ, ಕಳ್ಳತನಕ್ಕೆ ಬೇರೆ ಬೇರೆ ಕಡಿತ ಉಂಟೇ? ಮನೆಯ ಮುಂದಿನ ಅಂಗಡಿ, ಅಟ್ಟದ ಕೊಬ್ಬರಿ, ಪಕ್ಕದ ಬ್ಯಾರನ್ ಇದರೊಳಗೆ ಬರುತ್ತವೆಯೇ? ಬಾಯಿಮಾತಿನ ಉತ್ತರ ಸಾಲದು. ಶೆಡ್ಯೂಲಿನಲ್ಲಿ ಆ ಸಾಲು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲು ಹೇಳಬೇಕು. ಇಂಗ್ಲಿಷ್ ಬಾರದಿದ್ದರೆ ಮನೆಯ ಓದುವ ಮಕ್ಕಳಿಂದ ಓದಿಸಬಹುದು.

ನಷ್ಟವಾದಾಗ ತಡಮಾಡದೆ ಕಂಪನಿಗೆ ತಿಳಿಸಬೇಕು. ಸರ್ವೇಯರ್ ಬರುವವರೆಗೆ ಮುರಿದ ತೀರು, ಒಡೆದ ಹಂಚನ್ನು ಎಸೆಯಬಾರದು. ಫೋಟೊ ತೆಗೆದಿಟ್ಟು, ಮಳೆ ಒಳಗೆ ಬಾರದಂತೆ ಟಾರ್ಪಾಲು ಹೊದಿಸುವುದು ನಮ್ಮ ಕರ್ತವ್ಯ. ನಷ್ಟ ಹೆಚ್ಚಾಗಲು ಬಿಟ್ಟರೆ ಕ್ಲೇಮಿಗೇ ಪೆಟ್ಟು. ಬಡಗಿ, ಗಾರೆಯವರಿಂದ ಖರ್ಚಿನ ಅಂದಾಜನ್ನು ಬರೆಸಿ ಇಟ್ಟುಕೊಳ್ಳಬೇಕು.

ಬಂದ ಹಣ ಕಡಿಮೆ ಎನಿಸಿದರೆ ಲೆಕ್ಕದ ವಿವರವನ್ನು ಬರಹದಲ್ಲಿ ಕೇಳಬಹುದು. ಒಟ್ಟು ನಷ್ಟ ಎಷ್ಟೆಂದು ಹಿಡಿದರು, ಸವಕಲಿಗೆ ಎಷ್ಟು, ಉಳಿದ ಸಾಮಾನಿನ ಬೆಲೆ ಎಷ್ಟು, ಎಕ್ಸೆಸ್ ಎಷ್ಟು ಕಳೆದರು ಎಂಬುದು ಬಿಡಿಬಿಡಿಯಾಗಿ ತಿಳಿಯಬೇಕು. ಅನ್ವಯಿಸದ ಕಡಿತವನ್ನು ಕಳೆದಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಮೊದಲು ಕಂಪನಿಯ ದೂರು ಅಧಿಕಾರಿಗೆ ಬರೆಯಬೇಕು. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ವರ್ಷದೊಳಗೆ ದೂರು ಕೊಡಬಹುದು. ಇದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಡ. ವಿಮಾ ಪ್ರಾಧಿಕಾರದ 155255 ಎಂಬ ಉಚಿತ ಸಂಖ್ಯೆಗೂ ದೂರು ಹೇಳಬಹುದು. ಹಾಸನದಲ್ಲೇ ಜಿಲ್ಲಾ ಗ್ರಾಹಕರ ಆಯೋಗದ ಬಾಗಿಲೂ ತೆರೆದಿದೆ.

ಬೆಂಕಿ ಬಿದ್ದಾಗ ಬಾವಿ ತೋಡಬಾರದು ಎಂಬ ಮಾತು ವಿಮೆಗೂ ಹೊಂದುತ್ತದೆ. ಎಕ್ಸೆಸ್ ಎಂಬ ಸಾಲನ್ನು ಪಾಲಿಸಿ ಕೈಗೆ ಬಂದ ದಿನ ಓದಿದರೆ ಅದು ಒಪ್ಪಂದ. ಹಂಚು ಹಾರಿದ ದಿನ ಓದಿದರೆ ಅದು ಜಗಳ. ಸಣ್ಣ ಪೆಟ್ಟಿಗೆ ಮನೆಯಲ್ಲೇ ಹತ್ತು ಸಾವಿರ ಎತ್ತಿಟ್ಟುಕೊಂಡು, ಸಂಸಾರವನ್ನೇ ಬೀದಿಗೆ ತರುವ ದೊಡ್ಡ ಪೆಟ್ಟಿಗೆ ವಿಮೆಯನ್ನು ನೆಚ್ಚಿದವನು ಜಾಣ.

ಚನ್ನರಾಯಪಟ್ಟಣದ ಆ ಯಜಮಾನ 9,000 ರೂಪಾಯಿಯನ್ನು ಕೈಯಿಂದಲೇ ಹಾಕಿ ಹಂಚು ಹೊದಿಸಬೇಕು, ಬೇರೆ ದಾರಿಯಿಲ್ಲ. ಆದರೆ ಪಾಲಿಸಿ ನವೀಕರಣದ ದಿನ ಬಂದಾಗ ಅಂಗಡಿಗೊಂದು, ಮನೆಗೊಂದು ಎಂದು ಬೇರೆ ಮಾಡಿಸಿ, ಎರಡರ ಶೆಡ್ಯೂಲನ್ನೂ ಓದಿಸಿಕೊಂಡು ಸಹಿ ಹಾಕಿದರೆ ಈ ಸಲದ ಗಾಳಿ ಕಲಿಸಿದ ಪಾಠಕ್ಕೆ ಆ ಒಂಬತ್ತು ಸಾವಿರ ದುಬಾರಿಯಲ್ಲ.